ಲೈಟು ಆರಿಸಿದ್ದು ಯಾರು?

ಫೆಬ್ರವರಿ ೪

ಯಜಮಾನರಿಗೆ,

ನಿಮ್ಮ ಅಮ್ಮನ ಮಂಡಿನೋವು ಕಡಿಮೆಯಾಗಿದೆ. ನಿಮ್ಮ ಮಗಳಿಗೆ ಕೆಮ್ಮು ಬಿಟ್ಟಿದೆ. ಲೋಕಾಭಿರಾಮ ಇಷ್ಟು ಸಾಕು.

ಭಾನುವಾರ ಫೋನಿನಲ್ಲಿ "ಸ್ಪೀಕರ್ ಹಾಕು, ಎಲ್ಲರಿಗೂ ಒಂದು ವಿಷಯ ಹೇಳ್ಬೇಕು" ಅಂದಿರಿ. ಹಾಕಿದೆ. ಏಪ್ರಿಲ್‌ನಲ್ಲಿ ರಜಕ್ಕೆ ಬರುವುದಿಲ್ಲ, ಬಂದರಿನವರು ಇನ್ನೊಂದು ವರ್ಷ ಇರು ಅಂತ ಹಿಡಿದುಕೊಂಡಿದ್ದಾರೆ, ಕ್ರೇನ್ ಓಡಿಸುವವರೇ ಸಿಗುತ್ತಿಲ್ಲ ಅಂದಿರಿ. ಎದುರಿಗೆ ಅತ್ತೆ, ಪಕ್ಕದಲ್ಲಿ ಪುಟ್ಟಿ. ನಾನೇನು ಕೇಳಲಿಕ್ಕೆ ಸಾಧ್ಯ? ಕೇಳಬಾರದು ಅಂತಲೇ ಸ್ಪೀಕರ್ ಹಾಕಿಸಿದಿರಿ. ಅಷ್ಟೂ ತಿಳಿಯದವಳಲ್ಲ ನಾನು. ಅದಕ್ಕೇ ಈ ಕಾಗದ. ಫೋನಿಗೆ ಈ ಕಡೆ ಮನೆಯವರ ಕಿವಿ, ಆ ಕಡೆ ನಿಮ್ಮ ಕೋಣೆಯ ಗೆಳೆಯರ ಕಿವಿ. ಕಾಗದವನ್ನಾದರೂ ನೀವೊಬ್ಬರೇ ಓದುತ್ತೀರಿ ಅಂದುಕೊಂಡಿದ್ದೇನೆ.

ಫೋನ್ ಇಟ್ಟ ಮೇಲೆ ಪುಟ್ಟಿಯ ಮೊಬೈಲಿಗೆ ನಿಮ್ಮ ಫೋಟೋ ಬಂತು. ಜಿಮ್ಮಿನ ಕನ್ನಡಿ ಎದುರು ಬರೀ ಮೈಯಲ್ಲಿ, ಎದೆ ಮೇಲೆ ಕೈಕಟ್ಟಿಕೊಂಡು ಪೈಲ್ವಾನನ ಹಾಗೆ ನಿಂತಿದ್ದೀರಿ. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, "ನಮ್ಮ ಗುಂಡ ಏನಾಗೋದ! ಸಿನಿಮಾದವನ ಥರ ಆಗಿದಾನೆ" ಅಂತ ಪಕ್ಕದ ಮನೆಯವರಿಗೂ ತೋರಿಸಿ ಬಂದರು. ನಾನು ಪಾತ್ರೆ ತೊಳೆಯುತ್ತಿದ್ದೆ. "ಅಮ್ಮಾ, ಅಪ್ಪನ್ನ ನೋಡು" ಅಂತ ಪುಟ್ಟಿ ಸಿಂಕಿನ ತನಕ ಮೊಬೈಲ್ ತಂದು ಹಿಡಿದಳು. ನೋಡಿದೆ. ತೋಳು ಯಾರದೋ, ಸೊಂಟ ಯಾರದೋ, ಮುಖ ಮಾತ್ರ ನಿಮ್ಮದು.

ಯಾರಿಗೋಸ್ಕರ ಈ ಮೈ?

ನನಗೋಸ್ಕರ ಅಂತೂ ಅಲ್ಲ. ಕಳೆದ ರಜದಲ್ಲಿ ಬಂದಾಗ ಬನಿಯನ್ ಹಾಕಿಕೊಂಡೇ ಸ್ನಾನಕ್ಕೆ ಹೋಗಿ ಬನಿಯನ್ ಹಾಕಿಕೊಂಡೇ ಆಚೆ ಬಂದಿರಿ. ನಾನು ಅಡುಗೆಮನೆ ಬಾಗಿಲು ಹಾಕಿ ಕೋಣೆಗೆ ಬರುವ ಹೊತ್ತಿಗೆ ಲೈಟು ಆರಿಸಿ ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದಿರಿ. ಬಂದ ದಿನದಿಂದ ಹೊರಡುವ ದಿನದ ತನಕ ಒಂದು ದಿನವೂ ತಪ್ಪಲಿಲ್ಲ. ಗೋಡೆಯಲ್ಲಿ ಅಂಥದ್ದೇನಿತ್ತೋ ಗೊತ್ತಿಲ್ಲ.

ಕಾರಣ ನನಗೆ ಗೊತ್ತು. ಗಡ್ಡೆಯಾಗಿ ಗರ್ಭಕೋಶ ತೆಗೆದ ಮೇಲೆ ನನ್ನ ಹೊಟ್ಟೆ ಹೊಟ್ಟೆಯ ಹಾಗೆ ಉಳಿದಿಲ್ಲ. ಆ ಡಾಕ್ಟರ್ ಹಾಕಿದ ಹೊಲಿಗೆಯನ್ನು ನಮ್ಮ ಅಂಗಡಿಯಲ್ಲಿ ಹೊಸದಾಗಿ ಸೇರಿದ ಹುಡುಗಿ ಹಾಕಿದ್ದರೂ ಬಿಚ್ಚಿ ಮತ್ತೆ ಹೊಲಿ ಅನ್ನುತ್ತಿದ್ದೆ. ಮೇಲೆ ಒಂದು ಮಡಿಕೆ, ಕೆಳಗೆ ಒಂದು ಜೋಲು. ನಿಮಗೆ ನೋಡಲಾಗಲಿಲ್ಲ. ಹಾಗಂತ ಬಾಯಿಬಿಟ್ಟು ಹೇಳಿದ್ದರೆ ಒಂದು ದಿನ ಅತ್ತು ಸುಮ್ಮನಾಗುತ್ತಿದ್ದೆ. ಅದರ ಬದಲು ಇಂಥ ಫೋಟೋ ಕಳಿಸಿ, ನಾನು ಹೀಗಾದೆ, ನೀನು ನೋಡಿಕೋ ಅಂತ ಹೇಳಿಸಿದಿರಲ್ಲ, ಅದಕ್ಕೆ ಮೈ ಉರಿಯುತ್ತದೆ.

ಉತ್ತರ ಕಾಗದದಲ್ಲೇ ಬರಲಿ.

ನಿಮ್ಮ ಹೆಂಡತಿ


ಫೆಬ್ರವರಿ ೧೫

ಪ್ರೀತಿಯ ಕತ್ತರಿಗೆ,

ನಿನ್ನ ಕಾಗದ ತಲುಪಿತು. ಹೊಲಿಯುವವಳಿಗೆ ನಾನು ಇಟ್ಟ ಹೆಸರು ಸರಿಯಾಗೇ ಇದೆ, ಕೈಯಲ್ಲಿರುವ ಕತ್ತರಿಗಿಂತ ಬಾಯಲ್ಲಿರುವುದೇ ಚೂಪು.

ನೀನು ಏನೇನೋ ಕಲ್ಪಿಸಿಕೊಂಡಿದ್ದೀಯ. ಅಂಥದ್ದೇನೂ ಇಲ್ಲ. ಫೋಟೋ ತಮಾಷೆಗೆ ತೆಗೆದದ್ದು. ಇಲ್ಲಿ ಕೆಲಸ ಮುಗಿದ ಮೇಲೆ ಮಾಡಲಿಕ್ಕೆ ಏನೂ ಇಲ್ಲ, ಹುಡುಗರೆಲ್ಲ ಜಿಮ್ಮಿಗೆ ಹೋಗುತ್ತಾರೆ, ನಾನೂ ಹೋಗುತ್ತೇನೆ. ಕ್ರೇನಿನ ಏಣಿ ಹತ್ತುವಾಗ ಈಗ ಏದುಸಿರು ಬರುವುದಿಲ್ಲ. ಮೇಲಿನ ಕ್ಯಾಬಿನ್ ಗಾಜಿನ ಡಬ್ಬಿ ಇದ್ದ ಹಾಗೆ. ಕಾಲ ಕೆಳಗೂ ಗಾಜು. ಕೂತರೆ ಕಂಟೇನರ್‌ಗಳು ಬೆಂಕಿಪೆಟ್ಟಿಗೆಯಷ್ಟು ಕಾಣುತ್ತವೆ. ಹೊಸ ಹಡಗು ಬಂದರೆ ಊಟಕ್ಕೆ ಇಳಿಯಲೂ ಬಿಡುವುದಿಲ್ಲ. ರಜ ಸಿಗದಿದ್ದಕ್ಕೆ ನಾನೇನು ಮಾಡಲಿ?

ನಿನ್ನ ಆರೋಗ್ಯ ನೋಡಿಕೋ. ದಿನವೆಲ್ಲ ಮಷಿನ್ ಮುಂದೆ ಕೂತಿರುತ್ತೀಯ. ಬೆಳಿಗ್ಗೆ ಎದ್ದು ಸ್ವಲ್ಪ ವಾಕ್ ಮಾಡು. ಮನಸ್ಸಿಗೂ ಒಳ್ಳೆಯದು.

ಅಮ್ಮನಿಗೆ ಮಾತ್ರೆ ತಪ್ಪಿಸಬೇಡ. ಪುಟ್ಟಿಗೆ ಪರೀಕ್ಷೆಗೆ ಓದಿಕೊಳ್ಳಲಿಕ್ಕೆ ಹೇಳು.

ನಿನ್ನವನು


ಫೆಬ್ರವರಿ ೨೩

ವಾಕ್ ಮಾಡಬೇಕಾ?

ಇನ್ನು ಮೇಲೆ ನೀವು ಗೀವು ಎಲ್ಲ ಇಲ್ಲ. ಮರ್ಯಾದೆ ಕೊಟ್ಟು ಕೊಟ್ಟು ನನಗೂ ಸಾಕಾಗಿದೆ, ತೆಗೆದುಕೊಂಡು ತೆಗೆದುಕೊಂಡು ನಿನಗೂ ಅಭ್ಯಾಸವಾಗಿದೆ.

ವಾಕ್ ಮಾಡಿದ್ದೇನೆ, ಗೊತ್ತಾ? ನೀನು ಕಳೆದ ಸಲ ಗೋಡೆ ನೋಡಿ ಹೋದ ಮೇಲೆ ಆರು ತಿಂಗಳು, ಬೆಳಕು ಹರಿಯುವ ಮೊದಲು ಎದ್ದು, ಬೀದಿನಾಯಿಗಳ ಜೊತೆ ವಾಕ್ ಮಾಡಿದೆ. ರಾತ್ರಿ ಊಟ ಬಿಟ್ಟೆ. "ಹಸಿವಿಲ್ಲ ಅತ್ತೆ" ಅಂದರೆ ನಿಮ್ಮಮ್ಮ "ಗಂಡ ದೂರ ಇದ್ದರೆ ಹಂಗೇನೆ" ಅಂದರು. ಹೊಟ್ಟೆಗೆ ಅಗಲವಾದ ಬೆಲ್ಟ್ ಬಿಗಿದುಕೊಂಡು ಹತ್ತು ಗಂಟೆ ಮಷಿನ್ ತುಳಿದೆ. ಹೊಲಿಗೆ ಗುರುತಿನ ಸುತ್ತ ಬೊಬ್ಬೆ ಎದ್ದವು. ಒಂದು ಮಧ್ಯಾಹ್ನ ಅಂಗಡಿಯಲ್ಲೇ ತಲೆ ತಿರುಗಿ ಬಿದ್ದೆ. ನೀರು ಚಿಮುಕಿಸಿ ಬೆಲ್ಟ್ ಬಿಚ್ಚಿದ್ದು ನಮ್ಮ ಮಾಲಕಿ. ನನ್ನ ಹೊಟ್ಟೆ ನೋಡಿ ಆ ಯಮ್ಮನ ಕಣ್ಣಲ್ಲಿ ನೀರು ಬಂತು. ಮನೆಯಲ್ಲಿ ಯಾರಿಗೂ ಹೇಳಬೇಡಿ ಅಂತ ಅವಳಿಂದ ಭಾಷೆ ತೆಗೆದುಕೊಂಡೆ. ಇದು ನಿನಗೆ ಗೊತ್ತಿರಲಿಲ್ಲ. ಗೊತ್ತಾಗಲಿ ಅಂತ ನಾನೂ ಹೇಳಿರಲಿಲ್ಲ. ಈಗ ತಿಳಿದುಕೋ.

ನಾನು ಕೂರುವ ಜಾಗ ನೀನು ನೋಡಿದ್ದೀಯ. ಟ್ರಯಲ್ ರೂಮಿಗೂ ನನ್ನ ಮಷಿನ್ನಿಗೂ ನಡುವೆ ಒಂದು ಪ್ಲೈವುಡ್ ಹಲಗೆ. ಒಳಗೆ ಹೆಂಗಸರು ತಮ್ಮ ಮೈಗೆ ಏನೇನು ಬೈದುಕೊಳ್ಳುತ್ತಾರೆ ಅಂತ ನನಗಷ್ಟೇ ಗೊತ್ತು. ಜಗಳಗಂಟ ನೆರೆಯವರಿಗೂ ಯಾರೂ ಹಾಗೆ ಬೈಯುವುದಿಲ್ಲ. ಒಬ್ಬ ಬ್ಯಾಂಕಿನವಳು ಮೊನ್ನೆ ಗೌನ್ ಹಾಕಿಕೊಂಡು ಆಚೆ ಬಂದಳು. ಎಷ್ಟು ಚೆನ್ನಾಗಿ ಕೂತಿತ್ತು ಅಂದರೆ ನಾನು ಹೊಲಿಗೆ ನಿಲ್ಲಿಸಿ ನೋಡಿದೆ. ಅವಳು ಕುತ್ತಿಗೆ ಹಿಂದಿನ ಲೇಬಲ್ ತಿರುಗಿಸಿ ನೋಡಿದಳು, ಎಕ್ಸೆಲ್ ಅಂತ ಇತ್ತು. ಮುಖ ಅಲ್ಲೇ ಸುಟ್ಟುಹೋಯಿತು. "ಬೇಡ ಬಿಡಿ" ಅಂದಳು. ಇಂಥವರಿಗೆಂದೇ ನನ್ನ ಹತ್ತಿರ ಒಂದು ಡಬ್ಬಿಯಿದೆ, ಹಳೇ ಬಟ್ಟೆಯಿಂದ ಬಿಚ್ಚಿಟ್ಟ ಚಿಕ್ಕ ಸೈಜಿನ ಲೇಬಲ್‌ಗಳು. ಮಾಲಕಿ ಕಣ್ಣು ಹೊಡೆದಳು. ನಾನು "ಸೊಂಟದ ಹತ್ತಿರ ಒಂಚೂರು ಸರಿ ಮಾಡಿ ಕೊಡ್ತೀನಿ ಮೇಡಂ" ಅಂತ ಒಳಗೆ ಒಯ್ದು, ಎಂ ಅಂತ ಇರುವ ಲೇಬಲ್ ಹೊಲಿದು ತಂದುಕೊಟ್ಟೆ. ಅದೇ ಗೌನ್. ಈ ಸಲ ಹಾಕಿಕೊಂಡು ತಿರುಗಿ ತಿರುಗಿ ನೋಡಿಕೊಂಡಳು, ಯಾರಿಗೋ ಫೋನ್ ಮಾಡಿ ನಕ್ಕಳು, ಹಾಕಿಕೊಂಡೇ ಹೋದಳು. ಈ ಉಪಕಾರವನ್ನು ನನಗೆ ಮಾಡುವವರು ಯಾರೂ ಇಲ್ಲ. ನನ್ನ ಗಂಡ ವಾಕ್ ಮಾಡು ಅನ್ನುತ್ತಾನೆ.

ಈಗ ವಿಷಯಕ್ಕೆ ಬರುತ್ತೇನೆ. ಮಾಲಕಿ ಬೇರೆ ಊರಿನಲ್ಲಿ ಇನ್ನೊಂದು ಅಂಗಡಿ ತೆರೆಯುತ್ತಿದ್ದಾಳೆ. ಅಲ್ಲಿಯ ಹೊಲಿಗೆ ವಿಭಾಗ ಪೂರ್ತಿ ನನ್ನ ಕೈಗೆ ಕೊಡುತ್ತಾಳಂತೆ, ಅಂಗಡಿ ಮೇಲೆ ಇರಲಿಕ್ಕೆ ಮನೆಯನ್ನೂ ಕೊಡುತ್ತಾಳಂತೆ. ಮಾರ್ಚ್ ಕೊನೆಯೊಳಗೆ ಹೂಂ ಅನ್ನಬೇಕು. ಇಷ್ಟು ದಿನ ಬೇಡ ಅನ್ನುತ್ತಿದ್ದೆ. ನೀನು ರಜಕ್ಕೆ ಬರುವ ಮನೆ ಇದು, ನಾನಿಲ್ಲದಿದ್ದರೆ ಹೇಗೆ ಅಂತ. ಏಪ್ರಿಲ್‌ನಲ್ಲಿ ನೀನು ಬರುವುದಾದರೆ ಇಲ್ಲೇ ಇರುತ್ತೇನೆ. ಬರದಿದ್ದರೆ ಪುಟ್ಟಿಯನ್ನು ಕರೆದುಕೊಂಡು ಹೋಗುತ್ತೇನೆ. ಆಮೇಲೆ ನೀನು ಯಾವ ಗೋಡೆಯನ್ನಾದರೂ ನೋಡಿಕೊಂಡು ಮಲಗು.

ಆ ಫೋಟೋ ಯಾವಳಿಗೋಸ್ಕರ ತೆಗೆಸಿದ್ದೋ ಅವಳನ್ನೂ ಒಂದು ಮಾತು ಕೇಳಿ ಉತ್ತರ ಬರಿ.


ಮಾರ್ಚ್ ೬

ಕತ್ತರಿ,

ಲೇಬಲ್ ವಿಷಯ ನೀನೇ ಎತ್ತಿದ್ದು ಒಳ್ಳೆಯದಾಯಿತು. ನಾನು ಎತ್ತಬಾರದು ಅಂತ ಎರಡು ವರ್ಷದಿಂದ ಹಲ್ಲುಕಚ್ಚಿ ಕೂತಿದ್ದೆ.

ನಿನ್ನ ಆಪರೇಷನ್ ಆಗಿ ನಾನು ವಾಪಸ್ ಬಂದ ತಿಂಗಳು ಇಲ್ಲಿ ನಮ್ಮ ಮೇಸ್ತ್ರಿಯ ಮಗಳ ಮದುವೆ ಇತ್ತು. ಕೋಣೆಯವರೆಲ್ಲ ಸೇರಿ ಹೊಸ ಶರ್ಟ್ ತರಲು ಹೋದೆವು. ನಾನು ಹಾಕಿಕೊಂಡಿದ್ದ ಶರ್ಟಿನ ಲೇಬಲ್ ನೋಡಿ ಅದೇ ಸೈಜ್ ಕೇಳಿದೆ. ಹಾಕಿದರೆ ಎದೆಯ ಮೇಲೆ ಗುಂಡಿ ಕೂಡಲಿಲ್ಲ. ತೆಗೆಯಲು ಹೋದೆ, ತೋಳು ಸಿಕ್ಕಿಹಾಕಿಕೊಂಡಿತು, ಬೆನ್ನ ಹಿಂದೆ ಪರ್ ಅಂತ ಹರಿಯಿತು. ಪರದೆ ಸರಿಸಿ ಎಲ್ಲರೂ ನೋಡಿದರು. ಅಂಗಡಿಯವನು ನನ್ನ ಹಳೇ ಶರ್ಟ್ ಕೈಗೆತ್ತಿಕೊಂಡು, "ಅಣ್ಣಾ, ಈ ಲೇಬಲ್ ಆಮೇಲೆ ಹೊಲಿದಿರೋದು. ಇದು ಹೆಂಗಸರ ನೈಟಿ ಕಂಪನೀದು" ಅಂದ.

ಅವರು ಹೇಗೆ ನಕ್ಕರು ಅಂತ ನಿನಗೆ ಬರೆದು ತಿಳಿಸಲಾರೆ. ಒಬ್ಬ ಅಂಗಡಿ ನೆಲದ ಮೇಲೇ ಕೂತುಬಿಟ್ಟ. ಅವತ್ತಿನಿಂದ ನನ್ನ ಹೆಸರು ನೈಟಿ. ಕ್ರೇನಿನ ವೈರ್‌ಲೆಸ್‌ನಲ್ಲೂ "ನೈಟಿ, ಎಡಕ್ಕೆ ತಗೋ" ಅನ್ನುತ್ತಾರೆ. ಹುಟ್ಟಿದಾಗಿನಿಂದ ಮನೆಯವರು ಗುಂಡ ಅಂದರು, ನಕ್ಕೆ. ಇದಕ್ಕೆ ನಗು ಬರಲಿಲ್ಲ. ಕೋಣೆಗೆ ಬಂದು ಪೆಟ್ಟಿಗೆಯಲ್ಲಿದ್ದ ಬಟ್ಟೆಯೆಲ್ಲ ತೆಗೆದು ನೋಡಿದೆ. ಎಲ್ಲದಕ್ಕೂ ನೀನು ಸುಳ್ಳು ಹೊಲಿದಿದ್ದೀಯ. ಬ್ಯಾಂಕಿನವಳಿಗೆ ಹೊಲಿದ ಹಾಗೆ, ಅಳುವವರಿಗೆ ಹೊಲಿದ ಹಾಗೆ. ನನ್ನ ಹೆಂಡತಿ ನನ್ನನ್ನು ನೋಡಿ ಪಾಪ ಅಂದುಕೊಂಡಿದ್ದಾಳೆ ಅಂತ ಒಬ್ಬ ಅಂಗಡಿಯವನ ಬಾಯಲ್ಲಿ ಕೇಳಬೇಕಾಯಿತು. ನೀನು ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಇನ್ನು ಲೈಟಿನ ವಿಷಯ. ಮೊದಲು ಆರಿಸಿದ್ದು ಯಾರು? ನೆನಪು ಮಾಡಿಕೋ. ಆಪರೇಷನ್ ಆದ ಮೇಲೆ ನೀನು ಲೈಟು ಆರಿಸದೆ ಬಟ್ಟೆ ಬದಲಾಯಿಸಿದ್ದುಂಟಾ? ನಾನು ಹತ್ತಿರ ಬಂದರೆ ನೀನು ಕತ್ತಿನ ತನಕ ಹೊದಿಕೆ ಎಳೆದುಕೊಳ್ಳುತ್ತಿದ್ದೆ. ಆಗ ನನಗೆ ಅರ್ಥವಾಗಿರಲಿಲ್ಲ. ಲೇಬಲ್ ನೋಡಿದ ಮೇಲೆ ಅರ್ಥವಾಯಿತು. ಗಂಡಸಿಗೆ ಇರಬಾರದಂಥ ಎದೆ ನನ್ನದು. ಹೈಸ್ಕೂಲಿನಲ್ಲಿ ಈಜಲು ಕರೆದರೆ ಜ್ವರ ಅಂತ ಸುಳ್ಳು ಹೇಳಿದವನು ನಾನು. ನಿನ್ನ ಮುಂದೆ ಮಾತ್ರ ಶರ್ಟ್ ಬಿಚ್ಚುತ್ತಿದ್ದೆ. ಕೊನೆಗೆ ನೀನೂ ಲೈಟು ಆರಿಸಿದೆ.

ಈಗ ಮೈ ಸರಿಮಾಡಿಕೊಂಡಿದ್ದೇನೆ. ಯಾರಿಗೋಸ್ಕರ ಅಂತ ಕೇಳುತ್ತೀಯಲ್ಲ, ನಾಚಿಕೆಯಾಗುವುದಿಲ್ಲವೇ ನಿನಗೆ?

ಹೊಸ ಊರಿನ ವಿಷಯ ನಿನ್ನಿಷ್ಟ.


ಮಾರ್ಚ್ ೧೪

ನಿನ್ನ ಕಾಗದ ಓದಿ ಡಬ್ಬಿಯನ್ನು ಚರಂಡಿಗೆ ಸುರಿದು ಬಂದೆ. ಸಮಾಧಾನವಾಯಿತಾ?

ನನಗೆ ಆಗಲಿಲ್ಲ. ನಾದಿನಿ ಮದುವೆ ದಿನ ಬೆಳಿಗ್ಗೆ ನಿನ್ನ ಕೋಟಿನ ಗುಂಡಿ ಕೂಡಲಿಲ್ಲ. ಎಲ್ಲರೂ ಹೊರಗೆ ಕಾಯುತ್ತಿದ್ದರು. ನೀನು ಟವೆಲ್ ಹೊದ್ದು ಮಂಚದ ತುದಿಯಲ್ಲಿ ಕೂತಿದ್ದೆ. ನಾನು ಬಾಗಿಲಲ್ಲಿ ನಿಂತದ್ದು ನಿನಗೆ ಗೊತ್ತಾಗಲಿಲ್ಲ. ನೀನು ಎರಡೂ ಕೈಯಿಂದ ನಿನ್ನ ಎದೆಯನ್ನು ಒತ್ತಿ ಒತ್ತಿ ಸಪಾಟು ಮಾಡಲು ನೋಡುತ್ತಿದ್ದೆ, ಮಕ್ಕಳು ಉಬ್ಬಿದ ಬಲೂನನ್ನು ಒತ್ತುವ ಹಾಗೆ. ಅವತ್ತು ಸಂಜೆಯೇ ಮೊದಲನೇ ಲೇಬಲ್ ಹೊಲಿದೆ. ಪಾಪ ಅಂತ ಹೊಲಿದೆನೋ, ಪ್ರೀತಿಗೆ ಹೊಲಿದೆನೋ, ಹೊಲಿಯುವಾಗ ಯಾರು ಯೋಚನೆ ಮಾಡುತ್ತಾರೆ? ನನಗೆ ಬರುವ ವಿದ್ಯೆ ಅದೊಂದೇ. ನೀನು ಅಂಗಡಿಗೆ ಹೋಗಿ ಸೈಜ್ ಕೇಳುತ್ತೀಯ ಅಂತ ನನಗೇನು ಗೊತ್ತು? ಮದುವೆಯಾದ ಮೇಲೆ ನಿನ್ನ ಒಂದು ಕರ್ಚೀಫನ್ನಾದರೂ ನೀನು ಕೊಂಡಿದ್ದೀಯಾ?

ನಿನ್ನನ್ನು ನೈಟಿ ಅಂದವರೆಲ್ಲರ ನಾಲಿಗೆ ಬಿದ್ದುಹೋಗಲಿ. ಅದು ಮಾತ್ರ ಮನಸಾರೆ ಹೇಳುತ್ತಿದ್ದೇನೆ.

ಲೈಟು ಮೊದಲು ಆರಿಸಿದ್ದು ನಾನೇ. ಒಪ್ಪಿದೆ. ನಿನ್ನ ಎದೆ ನೋಡಲಾಗದೆ ಆರಿಸಿದೆ ಅಂದುಕೊಂಡೆಯಲ್ಲ, ನಿನ್ನ ತಲೆಯಲ್ಲಿ ಏನಿದೆಯೋ! ನನ್ನ ಹೊಟ್ಟೆ ನಿನಗೆ ಕಾಣಬಾರದು ಅಂತ ಆರಿಸಿದೆ. ನಾನು ಹೊದಿಕೆ ಎಳೆದುಕೊಂಡಾಗ ನೀನು ಒಂದು ಸಲ, ಒಂದೇ ಒಂದು ಸಲ, ಯಾಕೆ ಅಂತ ಕೇಳಿದ್ದರೆ ಹೇಳುತ್ತಿದ್ದೆ. ನೀನು ಕೇಳದೆ ಆ ಕಡೆ ಸರಿದೆ. ಸರಿದದ್ದು ನನ್ನ ಹೊಟ್ಟೆಗೆ ಹೆದರಿ ಅಂತ ನಾನು ತಿಳಿದೆ.

ಈಗ ನಾಚಿಕೆಬಿಟ್ಟು ಒಂದು ಮಾತು ಬರೆಯುತ್ತೇನೆ. ನನಗೆ ನಲವತ್ತೊಂದು ವರ್ಷ. ಗರ್ಭಕೋಶ ತೆಗೆದರು, ಆಸೆ ತೆಗೆಯಲಿಲ್ಲ. ಎಲ್ಲರೂ ಅದನ್ನೂ ಜೊತೆಗೇ ಕಿತ್ತುಹಾಕಿದರೇನೋ ಅನ್ನುವ ಹಾಗೆ ಮಾತಾಡುತ್ತಾರೆ. ನೀನು ಸ್ನಾನ ಮಾಡಿ ಬಂದಾಗ ನಿನ್ನ ಕತ್ತಿನ ಹಿಂದೆ ನೀರು ನಿಂತಿರುತ್ತಿತ್ತು, ಅದನ್ನು ನೋಡಿ ಕೈಕೆಲಸ ಮರೆತ ದಿನಗಳುಂಟು. ನಿನ್ನ ದಪ್ಪ ಎದೆಯ ಮೇಲೆ ತಲೆಯಿಟ್ಟು ಮಲಗಿದರೆ ನನಗೆ ಹಿತವಾಗಿರುತ್ತಿತ್ತು. ಅದನ್ನು ಕರಗಿಸು ಅಂತ ನಾನು ಯಾವತ್ತು ಕೇಳಿದೆ? ಆದರೆ ಹೊಟ್ಟೆಯ ಮೇಲೆ ನಿನ್ನ ಕೈ ಬಂದ ತಕ್ಷಣ ನಾನು ಅಲ್ಲಿರುತ್ತಿರಲಿಲ್ಲ. ಮಡಿಕೆ ಸಿಕ್ಕಿತಾ, ಹೊಲಿಗೆ ಸಿಕ್ಕಿತಾ ಅಂತ ನಿನ್ನ ಕೈಯನ್ನೇ ಕಾಯುತ್ತಿದ್ದೆ. ಉಸಿರು ಒಳಗೆಳೆದು ಹಿಡಿದಿರುತ್ತಿದ್ದೆ. ಉಸಿರು ಬಿಗಿಹಿಡಿದವಳಿಗೆ ಸುಖ ಎಲ್ಲಿಂದ ಬರಬೇಕು? ಹೀಗೆ ನಿನ್ನ ಪಕ್ಕದಲ್ಲೇ ಮಲಗಿ ಒಬ್ಬಳೇ ಇದ್ದೆ. ಇದನ್ನು ಬರೆಯುವಾಗ ಅಳು ಬರುತ್ತಿಲ್ಲ, ಸಿಟ್ಟು ಬರುತ್ತಿದೆ.

ಸರಿ. ನನ್ನದು ನಾನು ಹೇಳಿದೆ, ನಿನ್ನದು ನೀನು ಹೇಳಿದೆ. ಮೈ ಸರಿಯಾಗಿದೆ ಅಂತೀಯ. ಹಾಗಾದರೆ ಬಾ. ಇನ್ನೇನು ಅಡ್ಡಿ? ಆದರೂ ಬರುವುದಿಲ್ಲ ಅಂದರೆ ಇನ್ನೊಬ್ಬಳಿದ್ದಾಳೆ, ಬೇರೆ ಅರ್ಥವೇ ಇಲ್ಲ. ಇದ್ದಾಳೋ ಇಲ್ಲವೋ? ಒಂದೇ ಪದದಲ್ಲಿ ಬರಿ. ಸುತ್ತಿ ಬಳಸಿ ಕಿವಿಗೆ ಹೂವಿಡಬೇಡ.


ಮಾರ್ಚ್ ೨೭

ಎರಡು ಭಾನುವಾರ ನೀನು ಫೋನಿನಲ್ಲಿ ಮಾತಾಡಿದೆ. ಹಡಗು, ಬಿಸಿಲು, ಪುಟ್ಟಿಯ ಮಾರ್ಕ್ಸು. ನನ್ನ ಕಾಗದ ತಲುಪಿತಾ ಅಂತ ಎಲ್ಲರೆದುರು ಕೇಳಿದರೆ "ಹೂಂ, ಬಂತು, ನೋಡ್ತೀನಿ" ಅಂದೆ. ಕರೆಂಟ್ ಬಿಲ್ ನೋಡುವ ಹಾಗೆ ನೋಡುತ್ತೀಯಾ?

ಇಲ್ಲ ಅಂತ ಬರೆಯಲು ಇಷ್ಟು ದಿನ ಬೇಕಾಗಿಲ್ಲ. ಹಾಗಾಗಿ ಇದ್ದಾಳೆ ಅಂತಲೇ ತಿಳಿದಿದ್ದೇನೆ. ಮೂರು ದಿನದಿಂದ ಅವಳ ಮುಖ ಕಲ್ಪಿಸಿಕೊಳ್ಳುತ್ತಿದ್ದೇನೆ. ಮುಖ ಬರುವುದಿಲ್ಲ, ಹೊಟ್ಟೆ ಮಾತ್ರ ಬರುತ್ತದೆ. ಸಪಾಟಾದ ಹೊಟ್ಟೆ.

ನಾಳೆ ಮಾಲಕಿಗೆ ಹೂಂ ಅನ್ನುತ್ತೇನೆ.


ಮಾರ್ಚ್ ೨೬

ಕತ್ತರಿ,

ಇದನ್ನು ಕ್ಯಾಬಿನ್ನಿನಲ್ಲಿ ಕೂತು ಬರೆಯುತ್ತಿದ್ದೇನೆ. ಗಾಳಿ ಜೋರಾಗಿದೆ, ಕ್ರೇನ್ ನಿಲ್ಲಿಸಿ ಅಂದಿದ್ದಾರೆ. ಇಲ್ಲಿಗೆ ಯಾರೂ ಹತ್ತಿ ಬರುವುದಿಲ್ಲ. ನಿನ್ನ ಕಾಗದ ಬಂದಾಗಿನಿಂದ ಬರೆದು ಬರೆದು ಹರಿದಿದ್ದೇನೆ.

ಯಾರೂ ಇಲ್ಲ. ಒಂದೇ ಪದ ಸಾಲದು, ಪೂರ್ತಿ ಹೇಳುತ್ತೇನೆ.

ನೈಟಿ ಅಂತ ಹೆಸರು ಬಿದ್ದ ಮೇಲೆ ಜಿಮ್ಮಿಗೆ ಸೇರಿದೆ. ಎಷ್ಟು ಎತ್ತಿದರೂ ಹೊಟ್ಟೆ ಇಳಿಯಿತು, ಎದೆ ಇಳಿಯಲಿಲ್ಲ. ಅಲ್ಲಿಯ ಮಾಸ್ತರ "ನಿಮ್ಮ ವಯಸ್ಸಿಗೆ ಬರೀ ಬೆವರು ಸುರಿಸಿದ್ರೆ ಆಗಲ್ಲಣ್ಣ, ಒಂದು ಇಂಜೆಕ್ಷನ್ ಇದೆ, ಎಲ್ಲರೂ ತಗೋತಾರೆ" ಅಂದ. ತಗೊಂಡೆ. ತೋಳು ಬಂತು, ಭುಜ ಬಂತು. ಮೊದಮೊದಲು ನಾನು ಹುಲಿ ಅನ್ನಿಸಿತು. ಕಳೆದ ರಜಕ್ಕೆ ಹೊರಡುವ ಮೊದಲು, ಸೂಜಿ ಅಮ್ಮನ ಕಣ್ಣಿಗೆ ಬಿದ್ದರೆ ಕಷ್ಟ ಅಂತ ನಿಲ್ಲಿಸಿದೆ. ನಿಲ್ಲಿಸಿದ ಮೇಲೆ ಗೊತ್ತಾಯಿತು. ನಿನಗೆ ಹೇಗೆ ಬರೆಯಲಿ? ಮಲಗಿದ್ದು ಏಳಲಿಲ್ಲ. ಆಸೆಯೇ ಇಲ್ಲ, ಮನಸ್ಸಿಗೂ ಇಲ್ಲ, ಮೈಗೂ ಇಲ್ಲ. ನಿನ್ನ ಪಕ್ಕ ಮಲಗಿ, ಇವಳು ಕೈ ಹಾಕಿದರೆ ಏನು ಮಾಡಲಿ ಅಂತ ಬೆವರುತ್ತಿದ್ದೆ. ಅದಕ್ಕೆ ಮೊದಲೇ ಲೈಟು ಆರಿಸಿ ಗೋಡೆ ಕಡೆ ತಿರುಗುತ್ತಿದ್ದೆ. ನಿನ್ನ ಹೊಟ್ಟೆ ನಾನು ನೋಡಿಯೇ ಇಲ್ಲ. ದೇವರಾಣೆ, ನೋಡಿಯೇ ಇಲ್ಲ.

ವಾಪಸ್ ಬಂದು ಮತ್ತೆ ಶುರು ಮಾಡಿದೆ, ತೆಗೆದುಕೊಂಡರೆ ಸರಿಹೋಗುತ್ತದೆ ಅಂತ. ಎದೆ ಇನ್ನೂ ಊದಿತು, ಮುಟ್ಟಿದರೆ ನೋವು. ಫೋಟೋದಲ್ಲಿ ಕೈಕಟ್ಟಿ ನಿಂತದ್ದು ಅದನ್ನು ಮುಚ್ಚಲಿಕ್ಕೆ. ಪೈಲ್ವಾನ ಅಂದೆ ನೀನು. ಕೊನೆಗೆ ಜನವರಿಯಲ್ಲಿ ಬಿಟ್ಟು ಡಾಕ್ಟರ ಹತ್ತಿರ ಹೋದೆ. ಹೋದರೆ ಡಾಕ್ಟರಮ್ಮ, ಹೆಂಗಸು. ಕುರ್ಚಿಯಲ್ಲೇ ಸತ್ತುಹೋಗೋಣ ಅನ್ನಿಸಿತು. ಆಕೆ ಏನೂ ಆಗದವರ ಹಾಗೆ ರಕ್ತಪರೀಕ್ಷೆ ಬರೆದರು. ಹೊರಗಿನಿಂದ ತುಂಬಿದ್ದರಿಂದ ಮೈ ತಾನು ಮಾಡಿಕೊಳ್ಳುವುದನ್ನೇ ನಿಲ್ಲಿಸಿದೆಯಂತೆ. ಎಷ್ಟೋ ಜನರಿಗೆ ನಿಧಾನವಾಗಿ ಸರಿಹೋಗುತ್ತದಂತೆ, ತಿಂಗಳುಗಟ್ಟಲೆ ಹಿಡಿಯುತ್ತದಂತೆ. ನನಗೆ ಯಾವಾಗ ಅಂತ ಮಾತು ಕೊಡಲಾರೆ ಅಂದರು. "ಮನೆಯವರಿಗೆ ಗೊತ್ತಾ?" ಅಂತ ಕೇಳಿದರು. ಇಲ್ಲ ಅಂದೆ. "ಅವರಿಗೆ ಹೇಳದೆ ಮುಂದಿನ ಸಲ ನನ್ನ ಹತ್ತಿರ ಬರಬೇಡಿ" ಅಂತ ಗದರಿದರು.

ಹೇಳುವ ಬದಲು ಕಾಂಟ್ರಾಕ್ಟ್ ಕೇಳಿಕೊಂಡೆ. ಬಂದರಿನವರು ಹಿಡಿದುಕೊಂಡಿಲ್ಲ. ನಾನೇ ಹೋಗಿ ಇನ್ನೊಂದು ವರ್ಷ ಕೊಡಿ ಅಂತ ಬೇಡಿದೆ. ಸಹಿ ಇನ್ನೂ ಹಾಕಿಲ್ಲ.

ಇನ್ನೊಂದು ಮಾತು ಇದೆ, ಇದನ್ನು ಬರೆದರೆ ನೀನು ಕ್ಷಮಿಸುವುದಿಲ್ಲ. ಯಾವಳಿಗೋಸ್ಕರ ಅಂತ ನೀನು ಕೇಳಿದಾಗ, ಇಲ್ಲ ಅಂತ ಗಟ್ಟಿಯಾಗಿ ಹೇಳಬಹುದಿತ್ತು. ಹೇಳಲಿಲ್ಲ. ಇನ್ನೊಬ್ಬಳಿದ್ದಾಳೆ ಅಂತ ನೀನು ತಿಳಿದರೆ ತಿಳಿಯಲಿ, ಕೈಲಾಗದವನು ಅಂತ ತಿಳಿಯುವುದಕ್ಕಿಂತ ಅದೇ ಮೇಲು ಅನ್ನಿಸಿತು.

ಏಪ್ರಿಲ್‌ನಲ್ಲಿ ಬಂದರೂ ನಿನಗೆ ಕೊಡಲಿಕ್ಕೆ ನನ್ನ ಹತ್ತಿರ ಏನೂ ಇಲ್ಲ. ಖಾಲಿ ಕೈಯಲ್ಲಿ ಹೇಗೆ ಬರಲಿ?


ಏಪ್ರಿಲ್ ೫

ಕೇಳು.

ನಿನ್ನ ಕಾಗದ ಬಂದಿದ್ದು ಮೂವತ್ತೊಂದನೇ ತಾರೀಕು. ನಾನು ಮಾಲಕಿಗೆ ಹೂಂ ಅಂದಿದ್ದು ಇಪ್ಪತ್ತೆಂಟಕ್ಕೆ. ಓದಿ ಮುಗಿಸಿದ ಮೇಲೆ ನಾಲ್ಕು ದಿನ ಪೆನ್ನು ಮುಟ್ಟಲಿಲ್ಲ. ಮುಟ್ಟಿದ್ದರೆ ಕಾಗದ ಹರಿಯುತ್ತಿತ್ತು.

ಇಲ್ಲದ ಹೆಂಗಸೊಬ್ಬಳ ಜೊತೆ ನನ್ನನ್ನು ಎರಡು ತಿಂಗಳು ಸಂಸಾರ ಮಾಡಿಸಿದೆಯಲ್ಲೋ! ಅವಳ ಸೊಂಟದ ಅಳತೆ ನನಗೆ ಗೊತ್ತಿತ್ತು. ಅವಳಿಗೆ ಯಾವ ಬಣ್ಣ ಒಪ್ಪುತ್ತದೆ ಅಂತ ಗೊತ್ತಿತ್ತು. ಊಟಕ್ಕೆ ಕೂತರೆ ಎದುರಿಗೆ ಕೂರುತ್ತಿದ್ದಳು. ಪುಟ್ಟಿಗೆ ತಲೆ ಬಾಚುವಾಗ, ಇವಳಪ್ಪ ಇನ್ಯಾರ ತಲೆ ಸವರುತ್ತಿದ್ದಾನೋ ಅಂದುಕೊಂಡು ಜಡೆ ಎಷ್ಟು ಬಿಗಿ ಎಳೆದೆನೆಂದರೆ ಮಗು ಅತ್ತಿತು. ನಿನ್ನ ಮಗಳ ಆ ಅಳು ನಿನ್ನ ಗಂಡಸುತನಕ್ಕೆ ಕಟ್ಟಿದ ಸುಂಕ. ನಿನ್ನ ಆ ಮರ್ಯಾದೆ ಉಳಿಯಲಿ ಅಂತ ನನ್ನನ್ನು ಬೆಂಕಿಗೆ ಹಾಕಿದೆ. ಕ್ಷಮಿಸುವುದಿಲ್ಲ ಅಂದೆಯಲ್ಲ, ಸರಿಯಾಗಿ ಹೇಳಿದೆ. ಸದ್ಯಕ್ಕೆ ಕ್ಷಮಿಸುವುದಿಲ್ಲ.

ಆ ಮಾಸ್ತರ ನನ್ನ ಕೈಗೆ ಸಿಕ್ಕಿದರೆ ಅವನಿಗೆ ಎಲ್ಲಿ ಸೂಜಿ ಚುಚ್ಚಬೇಕು ಅಂತ ನನಗೆ ಗೊತ್ತಿದೆ, ದಪ್ಪ ಸೂಜಿಯೇ ಇದೆ. ಆ ಡಾಕ್ಟರಮ್ಮನ ಕಾಲಿಗೆ ಮಾತ್ರ ನಮಸ್ಕಾರ. ಅವರು ಗದರದಿದ್ದರೆ ನೀನು ಸಾಯುವ ತನಕ ಬಾಯಿಬಿಡುತ್ತಿರಲಿಲ್ಲ. ಅವರು ಹೇಳಿದ ಔಷಧಿ ಬಿಟ್ಟು ಇನ್ನೇನನ್ನಾದರೂ ಕದ್ದು ನುಂಗಿದರೆ ನನ್ನಾಣೆ.

ಕೊಡಲಿಕ್ಕೆ ಏನೂ ಇಲ್ಲ ಅಂತ ಬರೆದಿದ್ದೀಯ. ನಿನ್ನ ಹತ್ತಿರ ನಾನು ಕೇಳಿದ್ದು ಅದೊಂದನ್ನೇ ಅಂತ ಯಾರು ಹೇಳಿದರು ನಿನಗೆ? ಎರಡು ವರ್ಷದಲ್ಲಿ ನನ್ನ ಬೆನ್ನನ್ನು ಯಾರೂ ಮುಟ್ಟಿಲ್ಲ. ನೀನು ಹೊಗಳಬೇಕಾಗಿಲ್ಲ, ಏನೂ ಸಾಧಿಸಬೇಕಾಗಿಲ್ಲ. ಮುಟ್ಟಬೇಕು. ನಿನ್ನ ಕೈ ಚೆನ್ನಾಗಿದೆಯಲ್ಲ? ಬಾಯಿ ಚೆನ್ನಾಗಿದೆಯಲ್ಲ, ಮಾತಾಡಲಿಕ್ಕಾದರೂ? ನನ್ನ ಹೊಟ್ಟೆಯನ್ನು ನೀನು ನೋಡಿಯೇ ಇಲ್ಲವಂತೆ. ನೋಡು. ನೋಡಿ ನಿನಗೇನನ್ನಿಸುತ್ತದೋ ನನಗೆ ಹೆದರಿಕೆ ಇದೆ, ಇಲ್ಲ ಅನ್ನುವುದಿಲ್ಲ. ನಿನ್ನ ಊದಿದ ಎದೆಯನ್ನು ನಾನೂ ನೋಡುತ್ತೇನೆ. ನೋವಿದ್ದರೆ ಮುಟ್ಟುವುದಿಲ್ಲ. ಇಬ್ಬರೂ ಹೆದರಿಕೊಂಡೇ ಇರೋಣ, ಒಂದೇ ಕೋಣೆಯಲ್ಲಿ.

ನಾನು ಹೂಂ ಅಂದ ಮಾತನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಇದು ನಿನ್ನ ಮೇಲಿನ ಹಠಕ್ಕಲ್ಲ, ಕೆಲಸ ನನಗೆ ಇಷ್ಟವಾಗಿದೆ. ಮೊನ್ನೆ ಹೋಗಿ ನೋಡಿ ಬಂದೆ. ಅಂಗಡಿ ಮೇಲೆ ಒಂದು ಅಡುಗೆಮನೆ, ಎರಡು ಕೋಣೆ, ಕಿಟಕಿಯ ಪಕ್ಕ ಒಂದು ಮಂಚ. ಪರೀಕ್ಷೆ ಮುಗಿಯುವ ತನಕ ಪುಟ್ಟಿ ಅಜ್ಜಿಯ ಜೊತೆ ಇರುತ್ತಾಳೆ, ಆಮೇಲೆ ಇಬ್ಬರೂ ಬರುತ್ತಾರೆ. ಅತ್ತೆಗೆ "ಅವನು ಅಲ್ಲಿಗೇ ಬರ್ತಾನೆ" ಅಂತ ಹೇಳಿದ್ದೇನೆ. ನಿನ್ನನ್ನು ಕೇಳದೆ ಹೇಳಿದ್ದೇನೆ. ನೀನೂ ನನ್ನನ್ನು ಕೇಳದೆ ಬಹಳ ಮಾಡಿದ್ದೀಯ.

ವಿಳಾಸ ಹಿಂದೆ ಬರೆದಿದೆ. ಆ ಕಾಂಟ್ರಾಕ್ಟಿಗೆ ಸಹಿ ಹಾಕುವುದಾದರೆ ರಜ ಮುಗಿಸಿ ಹೋಗಿ ಹಾಕು, ಹಾಕದಿದ್ದರೆ ಇನ್ನೂ ಒಳ್ಳೆಯದು. ನಾನು ಬೈಯುವುದು ಇನ್ನೂ ಬೇಕಾದಷ್ಟು ಬಾಕಿ ಇದೆ. ಕಾಗದದಲ್ಲಿ ಬೈದರೆ ನಿನ್ನ ಮುಖ ಕಾಣುವುದಿಲ್ಲ, ತೃಪ್ತಿಯಾಗುವುದಿಲ್ಲ.

ಮೈ ಸರಿಹೋಗಲಿ ಅಂತ ಕಾಯಬೇಡ. ನನ್ನ ಸಿಟ್ಟು ಇಳಿಯಲಿ ಅಂತಲೂ ಕಾಯಬೇಡ. ಸಿಟ್ಟಿನಲ್ಲಿದ್ದಾಗಲೇ ಬಾ.